ಬಾಳೆಯ ಬುಡ

‘ಇಲ್ಲ’ ಎಂದು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಸುಬ್ಬರಾಯನಿಗೆ ತನ್ನ ಬಲಗೈ ನೆನಪಾಯಿತು. ಪ್ರಶ್ನೆ ಕೇಳಿದ ಚೈತ್ರ ಅಷ್ಟರಲ್ಲಿ ಆ ಉತ್ತರದ ಎದುರು ಗುರುತು ಹಾಕಿಯಾಗಿತ್ತು. ಹಾಕುವಾಗ ತಲೆ ಕೂಡ ಎತ್ತಿರಲಿಲ್ಲ, ಇಂಥವರಲ್ಲಿ ಇದನ್ನು ಕೇಳುವುದೇ ಒಂದು ಅಧಿಕಪ್ರಸಂಗ ಎನ್ನುವ ಹಾಗೆ. ಬಾಳಗಡಿಯ ಕಾಲೇಜಿನಲ್ಲಿ ಕೊನೆಯ ವರ್ಷದ ಪದವಿ ಓದುತ್ತಿದ್ದ ಹುಡುಗಿ ಅವಳು. ನೇರಳೆಗುಡ್ಡದ ಉದ್ಯಾನಕ್ಕೆ ಬರುವವರಲ್ಲಿ ಕಸ ಎಸೆಯದವರು ಯಾಕೆ ಎಸೆಯುವುದಿಲ್ಲ ಎಂದು ಕಂಡುಹಿಡಿಯುವುದು ಅವಳ ಪ್ರಾಜೆಕ್ಟು. ಎಸೆಯುವವರನ್ನು ಎಲ್ಲರೂ ಕೇಳಿಯಾಗಿದೆ, ಬೈದೂ ಆಗಿದೆ, ಎಸೆಯದವರನ್ನು ಮಾತ್ರ ಈವರೆಗೆ ಯಾರೂ ಕೇಳಿಲ್ಲ ಎಂದು ಅವಳು ಮೊದಲಿಗೇ ವಿವರಿಸಿದ್ದಳು. ಮಾತು ಅವನಿಗೆ ಹಿಡಿಸಿತ್ತು. ಒಳ್ಳೆಯತನಕ್ಕೂ ಕಾರಣ ಕೊಡಬೇಕಾದ ಕಾಲ ಬಂತು ಎಂಬರ್ಥದ ಒಂದು ಸಾಲು ಮನಸ್ಸಿನಲ್ಲಿ ಮೂಡಿ, ‘ಕಾಲ’ ಎಂಬ ಪದ ತೀರ ಸವೆದದ್ದಾಯಿತಲ್ಲ ಎಂದು ಅದನ್ನು ತಿದ್ದುತ್ತ ಕೂತಿರುವಾಗಲೇ ಅವಳು ಐದನೆಯ ಪ್ರಶ್ನೆಗೆ ಬಂದಿದ್ದಳು: ಉದ್ಯಾನದಲ್ಲಾಗಲಿ ಕಾಡಿನಲ್ಲಾಗಲಿ ನೀವು ಕಸ ಎಸೆದದ್ದುಂಟೆ? ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಗಳಿಸಿದ ಗಂಭೀರ ದನಿಯಲ್ಲಿ ಅವನು ಇಲ್ಲ ಎಂದ. ಆಮೇಲೆ ಕೈ ನೆನಪಾಯಿತು. ಇಪ್ಪತ್ತು ನಿಮಿಷದ ಹಿಂದೆ ಇದೇ ಕಲ್ಲುಬೆಂಚಿನಿಂದ ಎದ್ದು, ಹರಿಹರ ಪಂಡಿತರು ಕೊಟ್ಟ ಗುಳಿಗೆಗಳಲ್ಲಿ ಕೊನೆಯದನ್ನು ಬಾಯಿಗೆ ಹಾಕಿಕೊಂಡು, ಎದುರಿನ ನಲ್ಲಿಯಿಂದ ಒಂದು ಬೊಗಸೆ ನೀರು ಕುಡಿದು, ಖಾಲಿಯಾದ ಪ್ಲಾಸ್ಟಿಕ್ ಪೊಟ್ಟಣವನ್ನು ಅವನು ಏನೋ ಮಾಡಿದ್ದ. ಈಗ ಅದು ಕೈಯಲ್ಲಿರಲಿಲ್ಲ. ಜೇಬು ಮುಟ್ಟಿ ನೋಡಿದ. ಅಲ್ಲಿಯೂ ಇರಲಿಲ್ಲ.

ಪೊಟ್ಟಣದ ಮೇಲೆ ಏನು ಬರೆದಿದೆ ಎಂಬುದು ಅವನಿಗೆ ಕಂಠಪಾಠವಾಗಿತ್ತು. ಶೃಂಗೇರಿಯ ಪಂಡಿತರದು ಹಳೆಯ ಕಾಲದ ಶಿಸ್ತು. ಒಬ್ಬರ ಮದ್ದು ಇನ್ನೊಬ್ಬರ ಹೊಟ್ಟೆಗೆ ಹೋಗಬಾರದೆಂದು ಬಿಳಿಯ ಚೀಟಿ ಅಂಟಿಸಿ ದಪ್ಪ ಕಪ್ಪು ಪೆನ್ನಿನಲ್ಲಿ ರೋಗಿಯ ಹೆಸರು, ಊರು, ರೋಗ ಮೂರನ್ನೂ ಬರೆದೇ ಕೊಡುವರು. ಸುಬ್ಬರಾಯ ಮೇಷ್ಟ್ರು, ಕೊಪ್ಪ. ಅದರ ಕೆಳಗೆ, ಯಾವ ಸಂಕೋಚವೂ ಇಲ್ಲದೆ, ಹೆಸರಿಗಿಂತ ಒಂದು ಸುತ್ತು ದೊಡ್ಡದಾಗಿ: ವಾಯು. ಬೆಳಿಗ್ಗೆ ಹೆಂಡತಿ ಮಾಲತಿ ನಾಲ್ಕು ಕೊಟ್ಟೆ ಕಡುಬು ಬಡಿಸಿ ಇನ್ನು ಸಾಕು ಎಂದಿದ್ದಳು. ಐದನೆಯದನ್ನು ತಾನಾಗಿ ಕೈಹಾಕಿ ತೆಗೆದುಕೊಂಡದ್ದು ಸಭೆಯಲ್ಲಿ ಮಾತಾಡಲು ತ್ರಾಣ ಬೇಕಾಗುತ್ತದೆ ಎಂಬ ನೆಪದಲ್ಲಿ. ಅಂದರೆ ಅಲ್ಲಿಯೂ ಕೈಯದೇ ತಪ್ಪು. ಎಪ್ಪತ್ತು ವರ್ಷ ಜೊತೆಯಲ್ಲಿ ಬಾಳಿದ ಮೇಲೂ ಈ ಕೈಯನ್ನು ತಾನು ಸರಿಯಾಗಿ ವಿಚಾರಿಸಿಕೊಂಡಿಲ್ಲ ಅನಿಸಿತು.

ಕೊನೆಯ ಪ್ರಶ್ನೆಯ ಹಾಳೆಯನ್ನು ಚೈತ್ರ ಅವನಿಗೇ ಕೊಟ್ಟಳು. ನೀವು ಇಲ್ಲಿ ಕಸ ಎಸೆಯದಿರಲು ಮುಖ್ಯ ಕಾರಣವೇನು? ದಂಡದ ಭಯ. ಬೇರೆಯವರು ನೋಡುತ್ತಾರೆಂಬ ಸಂಕೋಚ. ಪ್ರಕೃತಿಯ ಮೇಲಿನ ಪ್ರೀತಿ. ಚಿಕ್ಕಂದಿನ ಅಭ್ಯಾಸ. ಕೊನೆಯಲ್ಲಿ ‘ಇತರೆ’ ಎಂದು, ಅದರ ಮುಂದೆ ಒಂದು ಉದ್ದನೆಯ ಗೆರೆ.

‘ಇದೊಂದು ನೀವೇ ಬರೀರಿ ಸರ್. ಹೆಸರು ಹಾಕೂದು ಬೇಡ. ಯಾರದ್ದು ಅಂತ ಗೊತ್ತಾಗ್ತದೆ ಅಂದ್ರೆ ಯಾರೂ ನಿಜ ಬರೆಯೂದಿಲ್ಲ.’

ಹನ್ನೊಂದು ಗಂಟೆಗೆ ಕಾರ್ಯಕ್ರಮ, ಅಷ್ಟರೊಳಗೆ ಕೊಟ್ಟರೆ ಸಾಕು ಎಂದಳು. ಕಾರ್ಯಕ್ರಮದ ಸಂಗತಿ ಅವನಿಗೆ ಗೊತ್ತಿತ್ತು. ಅದಕ್ಕೆಂದೇ ಬೆಳಗಿನ ನರಸಿಂಹರಾಜಪುರದ ಬಸ್ಸು ಹಿಡಿದು ಗುಡ್ಡದ ಗೇಟಿನಲ್ಲಿ ಇಳಿದಿದ್ದ. ಗೇಟಿನ ಕಂಬದಿಂದ ಹಲಸಿನ ಮರದವರೆಗೆ ಹಗ್ಗ ಕಟ್ಟಿ, ವಿದ್ಯಾರ್ಥಿಗಳು ಬೆಳಗಿನಿಂದ ಹೆಕ್ಕಿದ ಕಸವನ್ನೆಲ್ಲ ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಸಾಲಾಗಿ ತೂಗುಹಾಕುವುದು, ಮೇಲೆ ‘ನಿಮ್ಮದಿದ್ದರೆ ದಯವಿಟ್ಟು ತೆಗೆದುಕೊಂಡು ಹೋಗಿ’ ಎಂದು ಬರೆಯುವುದು. ಉದ್ಯಾನದ ಹನ್ನೆರಡು ಫಲಕಗಳನ್ನು ಬರೆದುಕೊಟ್ಟ ಹಿರಿಯರೆಂಬ ಕಾರಣಕ್ಕೆ ಮೊದಲನೆಯ ತುಂಡನ್ನು ತೂಗುಹಾಕಿ ಉದ್ಘಾಟಿಸಬೇಕಾದವನು ಸುಬ್ಬರಾಯ. ಗೊತ್ತಿಲ್ಲದೆ ಇದ್ದದ್ದನ್ನು ಅವಳು ಎದ್ದು ಹೋಗುತ್ತ ಹೇಳಿದಳು.

‘ಹಗ್ಗದ ಐಡಿಯಾ ಗೇಟಿನ ಲೋಕೇಶಣ್ಣಂದು. ಅಲ್ಲ, ನಿಮ್ದೇ ಅಂತೆ. ಶಾಲೇಲಿ ನೀವು ಅವರ ಕೊರಳಿಗೆ ಕಸದ ಮಾಲೆ ಹಾಕಿದ್ರಂತಲ್ಲ ಸರ್, ಅವತ್ತಿಂದ ಅವ್ರು ಒಂದು ಚೂರು ಕಾಗದ ಕೂಡ ಕೆಳಗೆ ಹಾಕಿಲ್ವಂತೆ.’

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ಬೆಂಚಿನ ಮೇಲ್ಗಡೆ ಅವನೇ ಬರೆದ ಫಲಕವಿತ್ತು. ಫ್ಲೆಕ್ಸು ಬೇಡ, ಕುಂಚದಲ್ಲೇ ಆಗಲಿ ಎಂದು ಉದ್ಯಾನದ ಸಮಿತಿಯವರು ಮೂರು ವರ್ಷದ ಹಿಂದೆ ಮನೆಗೆ ಬಂದು ಕೇಳಿಕೊಂಡಾಗ ಅವನಿಗಾದ ಸಂತೋಷ ಸಣ್ಣದಲ್ಲ. ಅವರು ಕೇಳಿದ್ದು ‘ಕಸ ಎಸೆಯಬೇಡಿ, ಎಸೆದರೆ ದಂಡ’ ಎಂಬ ಒಂದೇ ವಾಕ್ಯದ ಹನ್ನೆರಡು ಪ್ರತಿ. ನಲವತ್ತು ವರ್ಷ ಹೊಸ ಕಾವ್ಯವನ್ನೇ ಉಂಡು ಉಸಿರಾಡಿದವನಿಗೆ, ಕಾಡಿನ ನಡುವೆ ನಿಂತು ಬೇಡಿ, ಬೇಡಿ ಎಂದು ಕೂಗುವುದು ಅಸಹ್ಯವೆನಿಸಿತು. ಹನ್ನೆರಡಕ್ಕೂ ಬೇರೆ ಬೇರೆ ಸಾಲು ಕಟ್ಟಿದ. ನೋಟದ ಕಟ್ಟೆಯ ಬಳಿಗೆ: ‘ಈ ಮೌನಕ್ಕೆ ನಿಮ್ಮ ಸಹಿ ಬೇಕಿಲ್ಲ.’ ಬಣ್ಣ ಒಣಗುವುದನ್ನೇ ನೋಡುತ್ತ ನಿಂತಿದ್ದ ಗೇಟಿನ ಲೋಕೇಶ ವಿನಯದಿಂದ, ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದ್ದ. ಒಂದೇ ತಿಂಗಳಲ್ಲಿ ಆ ಫಲಕದ ತುಂಬ ಮೊಳೆಯಲ್ಲಿ ಗೀಚಿದ ಸಹಿಗಳು, ಬಾಣ ಚುಚ್ಚಿದ ಹೃದಯಗಳು. ಇಳಿಜಾರಿನ ದಾರಿಗೆ ಬರೆದದ್ದು: ‘ಬರುವಾಗ ಬರಿಗೈಯಲ್ಲಿ ಬಂದಿಲ್ಲ, ಹೋಗುವಾಗಲೂ ಬೇಡ.’ ತಂದದ್ದನ್ನು ಹಿಂದಕ್ಕೆ ಒಯ್ಯಿರಿ ಎಂದು ಅವನ ಭಾವ. ಅದನ್ನು ಮನಸ್ಸಿಟ್ಟು ಓದಿದ ಒಂದು ಸಂಸಾರ ಮರದಿಂದ ಸೀತಾಳೆ ದಂಡೆಯ ಹೂಗಿಡವನ್ನು ಬೇರುಸಮೇತ ಬಿಡಿಸಿಕೊಂಡು ಮನೆಗೆ ಹೋಯಿತು. ಇಷ್ಟರ ನಡುವೆ, ಒಂದಕ್ಷರವನ್ನೂ ತಿದ್ದಬೇಕಿಲ್ಲ ಎಂದು ಅವನು ಹೆಮ್ಮೆಪಟ್ಟುಕೊಂಡದ್ದು ಈ ಬೆಂಚಿನ ಫಲಕವೊಂದನ್ನೇ. ಅದನ್ನು ಈಗ ಕತ್ತು ಹೊರಳಿಸಿ, ಯಾರೋ ಬೇರೆಯವರು ಬರೆದದ್ದನ್ನು ಓದುವ ಹಾಗೆ ಓದಿದ: ‘ನೀವು ಬಿಟ್ಟು ಹೋದದ್ದು ನಿಮ್ಮ ಹೆಸರು ಹೇಳುತ್ತದೆ.’

ಎಸೆಯಬೇಕೆಂದು ನಿಶ್ಚಯಿಸಿ ಎಸೆದಿದ್ದರೆ ಅದು ಒಂದು ಪಾಪವಾದರೂ ಆಗುತ್ತಿತ್ತು. ಪಾಪಕ್ಕೆ ತನ್ನದೇ ಆದ ಘನತೆಯಿದೆ. ಇದು ಅದೂ ಅಲ್ಲ. ನಲ್ಲಿಯಿಂದ ಚೆಲ್ಲಿದ ನೀರು ಹರಿದು ಹೋಗುವ ಕಡೆ ಮೂರು ಬಾಳೆಗಿಡ ಸೊಂಪಾಗಿ ಎದ್ದು ನಿಂತಿದ್ದವು. ಬಾಯಿ ಒರಸಿಕೊಂಡ ಕೈ ಅವುಗಳ ಬುಡ ಕಂಡಿತು, ಬೀಸಿತು, ಖಾಲಿಯಾಯಿತು. ಅಷ್ಟೇ. ಆ ಕೈಗೆ ಗೊತ್ತಿದ್ದದ್ದು ಮೆಣಸೆಯ ಅಜ್ಜಿಮನೆಯ ಹಿತ್ತಲು. ಬಚ್ಚಲ ನೀರು ಹೋಗಿ ನಿಲ್ಲುವಲ್ಲಿ ಬಾಳೆಯ ಹಿಂಡು, ಬಾಯಿ ಮುಕ್ಕಳಿಸಿದ ನೀರು ಅಲ್ಲಿಗೆ, ಅಕ್ಕಿ ತೊಳೆದದ್ದು ಅಲ್ಲಿಗೆ, ಕಡುಬು ಬಿಚ್ಚಿದ ಹಲಸಿನೆಲೆ, ಉಂಡೆದ್ದ ಎಲೆ, ಅಜ್ಜ ಜಗಿದುಗಿದ ಕವಳದ ಚರಟ, ಕತ್ತರಿಸಿದ ಉಗುರು, ಬಾಚಣಿಗೆಯಿಂದ ಎಳೆದ ಕೂದಲುಂಡೆ, ಎಲ್ಲ ಅಲ್ಲಿಗೆ. ಏನು ಮಾಡಲಿ ಎಂದು ಯಾರು ಏನು ಹಿಡಿದು ಬಂದರೂ ಅಜ್ಜಿ ಒಲೆಯ ಮುಂದಿನಿಂದ ಕತ್ತೆತ್ತದೆ, ಬಾಳೆ ಬುಡಕ್ಕೆ ಹಾಕು ಅನ್ನುವಳು. ಜ್ವರಕ್ಕೆ ಡಾಕ್ಟರು ಕೊಟ್ಟ ಕಹಿ ಮಿಕ್ಸ್ಚರನ್ನು ಅವಳು ಎರಡು ಹೊತ್ತೂ ತಪ್ಪದೆ ಅಲ್ಲಿಗೇ ಸುರಿದಳು, ಗುಣವೂ ಆದಳು. ಅವನ ಮೊದಲ ಚಿತ್ರ, ಮೂರು ಕಾಲಿನದಂತೆ ಕಂಡ ಒಂದು ದನ, ಅಣ್ಣ ನಕ್ಕನೆಂದು ಮುದ್ದೆಮಾಡಿ ಎಸೆದದ್ದು ಅಲ್ಲಿಗೇ. ಬಾಳೆ ಏನನ್ನೂ ಬೇಡವೆನ್ನಲಿಲ್ಲ. ತಿಂದು, ಅರಗಿಸಿ, ಯಾರ ಮೇಲೂ ದೂರು ಹೇಳದೆ ಗೊನೆ ಹಾಕಿತು. ಅಲ್ಲಿ ಎಸೆಯುವುದೆಂದರೆ ಕೊಡುವುದು. ಕಣ್ಣು ಓದುತ್ತ ಓದುತ್ತ ಎಷ್ಟೋ ಮುಂದೆ ಬಂದಿದೆ. ಕೈ ಇನ್ನೂ ಆ ಹಿತ್ತಲಿನಲ್ಲೇ ಇದೆ ಎಂದು ಯೋಚಿಸಿದಾಗ, ಸಾಲು ಚೆನ್ನಾಗಿದೆ ಎಂದೂ ಜೊತೆಗೇ ಅನಿಸಿ, ಇಂಥ ಹೊತ್ತಿನಲ್ಲೂ ಸಾಲು ತೂಗುವ ತನ್ನ ಮನಸ್ಸಿನ ಬಗ್ಗೆ ಅವನಿಗೆ ನಾಚಿಕೆಯಾಯಿತು.

ಎದ್ದು ಬಾಳೆಯ ಬುಡಕ್ಕೆ ಹೋದ. ಎಸೆದಲ್ಲಿಂದ ಮೆಲ್ಲಗೆ ಎತ್ತಿ ಜೇಬಿಗೆ ಹಾಕಿಕೊಂಡರೆ ಐದನೆಯ ಪ್ರಶ್ನೆಯ ಉತ್ತರ ಹಿಂದಿನ ತಾರೀಕಿನಿಂದಲೇ ನಿಜವಾದಂತೆ ಎಂದು ಲೆಕ್ಕ ಹಾಕಿದ್ದ. ಪೊಟ್ಟಣ ಅಲ್ಲಿರಲಿಲ್ಲ. ಒಂದು ಐಸ್‌ಕ್ಯಾಂಡಿ ಕಡ್ಡಿ, ಒಂದು ಜ್ಯೂಸಿನ ಕೊಳವೆ, ಬಿಸ್ಕತ್ತಿನ ಕವರು. ಹೆಸರಿಲ್ಲದ ಕಸ, ಅದೃಷ್ಟವಂತ ಕಸ. ಬಗ್ಗಿ ಒಣ ಸಿಪ್ಪೆಯನ್ನು ಸರಿಸಿ ನೋಡುತ್ತಿರುವಾಗ ಕಿವಿಯ ಪಕ್ಕದಲ್ಲೇ ಒಂದು ಕಾಗದದ ಲೋಟ ಹಾರಿ ಬಂದು ಬುಡಕ್ಕೆ ಬಿತ್ತು. ತಿರುಗಿದರೆ ನಲ್ಲಿಯ ಬಳಿ ಬಾಯಿ ಮುಕ್ಕಳಿಸುತ್ತ ನಿಂತ ನಡುವಯಸ್ಸಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಬೇಗಾರಿನ ಕಡೆಯ ತೋಟದವನಿರಬೇಕು. ಎಸೆದ ದಿಕ್ಕನ್ನು ಆತ ನೋಡಿಯೂ ಇರಲಿಲ್ಲ. ನೋಡಿದಾಗ ಅಲ್ಲಿ ನರೆತ ತಲೆಯ ಹಿರಿಯರೊಬ್ಬರು ಕಸದ ಮುಂದೆ ಬಗ್ಗಿ ನಿಂತಿದ್ದರು. ಕಾಣಲಿಲ್ಲ ಎಂದು ಆತ ತೊದಲಿದ. ತನ್ನನ್ನು ಕಾಣಲಿಲ್ಲವೋ ಲೋಟವನ್ನು ಕಾಣಲಿಲ್ಲವೋ, ಸುಬ್ಬರಾಯ ಕೇಳಲಿಲ್ಲ; ಆ ಮನುಷ್ಯನ ಕೈಯನ್ನೇ, ದೂರದ ಬಂಧುವೊಬ್ಬನನ್ನು ಗುರುತಿಸಿದವನ ಹಾಗೆ, ನೋಡುತ್ತ ನಿಂತ. ಆತ ಕೆಂಪಾಗಿ, ಬಂದು ಲೋಟ ಎತ್ತಿಕೊಂಡು, ಅಷ್ಟಕ್ಕೇ ಹೋದರೆ ಚೆನ್ನಾಗಿರುವುದಿಲ್ಲವೆಂದೋ ಏನೋ ಐಸ್‌ಕ್ಯಾಂಡಿ ಕಡ್ಡಿಯನ್ನೂ ಎತ್ತಿಕೊಂಡ.

ಅಲ್ಲಿಂದ ಮೇಲೆ ಆದದ್ದರಲ್ಲಿ ಸುಬ್ಬರಾಯನ ಹೊಣೆ ಏನೂ ಇರಲಿಲ್ಲ. ಗಾಳಿಗೆ ಹಾರಿರಬಹುದೆಂದು ಅವನು ಕಾಲುದಾರಿಯ ಇಕ್ಕೆಲದಲ್ಲೂ ಹುಡುಕುತ್ತ ಹೊರಟ. ಬರಿದೆ ನೆಲ ನೋಡುತ್ತ ನಡೆದರೆ ಜನ ಏನೆಂದುಕೊಂಡಾರು ಎಂದು ಸಿಕ್ಕಿದ ಕವರುಗಳನ್ನು ಎತ್ತಿ, ತಿರುಗಿಸಿ ನೋಡಿ, ತನ್ನದಲ್ಲವೆಂದು ಖಚಿತವಾದ ಮೇಲೆ ಎಡಗೈಗೆ ದಾಟಿಸುತ್ತಿದ್ದ. ತನ್ನದಲ್ಲದ್ದನ್ನು ಮತ್ತೆ ಕೆಳಗೆ ಹಾಕುವಂತೆಯೂ ಇರಲಿಲ್ಲವಲ್ಲ. ಇಸ್ತ್ರಿ ಅಂಗಿಯವನು ಹೆಂಡತಿಯನ್ನು ಕರೆದು ಅವನತ್ತ ತೋರಿಸಿ ಏನೋ ಹೇಳಿದ. ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಒಂದು ಬಾಟಲಿ ಹೆಕ್ಕಿದಳು. ಕಟ್ಟೆಯ ಮೇಲೆ ಕೂತಿದ್ದ ನಾಲ್ವರು ಸುಮ್ಮನೆ ಕೂತಿರುವುದು ಕಷ್ಟವಾಗಿ ಎದ್ದರು. ಅರ್ಧ ಗಂಟೆಯಲ್ಲಿ ಅವನ ಹಿಂದೆ ಹತ್ತು ಹದಿನೈದು ಮಂದಿ, ಯಾರೂ ಯಾರಿಗೂ ಹೇಳದೆ, ಬಗ್ಗುತ್ತ ಏಳುತ್ತ ಬರುತ್ತಿದ್ದರು. ತನಗಿಂತ ಮೊದಲು ಅವರಲ್ಲಿ ಯಾರಿಗಾದರೂ ಅದು ಸಿಕ್ಕಿಬಿಟ್ಟರೆ? ಆ ದಿಗಿಲಿಗೆ ಅವನು ಹೆಜ್ಜೆ ಚುರುಕುಮಾಡಿದ. ಅದನ್ನು ಉತ್ಸಾಹವೆಂದು ತಿಳಿದು ಅವರೂ ಚುರುಕಾದರು. ಚೈತ್ರ ಓಡಿ ಬಂದು ಮೊಬೈಲಿನಲ್ಲಿ ಚಿತ್ರ ತೆಗೆದಳು. ತನ್ನ ನಾಲ್ಕು ಕಾರಣಗಳಲ್ಲಿ ಹಿರಿಯರ ಆದರ್ಶ ಎಂಬುದನ್ನು ಸೇರಿಸದೆ ಇದ್ದದ್ದು ದೊಡ್ಡ ಲೋಪ ಎಂದಳು. ಹಾಗೇನಿಲ್ಲಮ್ಮ ಎಂದ ಅವನ ಮಾತನ್ನು ವಿನಯದ ಲೆಕ್ಕಕ್ಕೆ ಹಾಕಿಕೊಂಡಳು. ಒಳ್ಳೆಯವನೆನಿಸಿಕೊಳ್ಳುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ಮೂವತ್ತೆರಡು ವರ್ಷ ಬೆತ್ತ ಹಿಡಿಯಬೇಕಿರಲಿಲ್ಲ. ಬೆತ್ತವಾದರೂ ಪರವಾಗಿಲ್ಲ. ಲೋಕೇಶನಿಗೆ ಮಾಲೆ ಹಾಕಿದ ದಿನ ಹಿಡಿದದ್ದು ದಬ್ಬಳ. ಇನ್‌ಸ್ಪೆಕ್ಟರು ಬರುವ ದಿನ, ಎಂಟನೆಯ ತರಗತಿಯ ಮೂರನೆಯ ಬೆಂಚಿನ ಅಡಿಯಲ್ಲಿ ಕಾಗದದ ಉಂಡೆಗಳು. ಬಾಳೆನಾರು ತರಿಸಿ, ದಬ್ಬಳದಲ್ಲಿ ಒಂದೊಂದನ್ನೂ ಪೋಣಿಸಿ, ಮಾಲೆ ಸಮವಾಗಿ ಬರಲೆಂದು ದೊಡ್ಡ ಉಂಡೆಯನ್ನು ನಡುವಿಗೆ ಬರುವ ಹಾಗೆ ಜೋಡಿಸಿದ್ದು ನೆನಪಿದೆ. ಡ್ರಾಯಿಂಗ್ ಮೇಷ್ಟ್ರಲ್ಲವೆ. ಲೋಕೇಶ ಕೊರಳು ತಗ್ಗಿಸಿ ಹಾಕಿಸಿಕೊಂಡಿದ್ದ, ಬಹುಮಾನ ತೆಗೆದುಕೊಳ್ಳುವವನ ಹಾಗೆ.

ಜೇಬಿನಲ್ಲಿ ಮೊಬೈಲು ಅದುರಿತು. ಮಾಲತಿ. ಗುಳಿಗೆ ತೆಗೆದುಕೊಂಡಿರಾ ಎಂದು ಕೇಳಿದಳು, ತೆಗೆದುಕೊಂಡೆ ಎಂದ. ಐದನೆಯ ಕಡುಬಿನ ಫಲ ಕಾಣಿಸಿತಾ ಎಂದಳು, ಕಾಣಿಸಿತು ಎಂದ. ಬೇರೆ ರೂಪದಲ್ಲಿ ಎಂದು ಸೇರಿಸಲಿಲ್ಲ.

‘ಪೊಟ್ಟಣ ಜೋಪಾನ ತನ್ನಿ ಮಾರಾಯ್ರೆ. ನಾಳೆ ಶೃಂಗೇರಿಗೆ ಹೋಗೋರ ಹತ್ರ ಅದನ್ನೇ ಕೊಟ್ಟು ಕಳಿಸ್ಬೇಕು. ಇಲ್ದಿದ್ರೆ ಪಂಡಿತ್ರು ಯಾವ ಗುಳಿಗೆ, ಯಾರಿಗೆ, ಎಂತಕ್ಕೆ ಅಂತ ಮೊದಲಿಂದ ಶುರು ಮಾಡ್ತಾರೆ.’

ಅವನ ಮನೆಯಿಂದ ಒಂದು ಕವರು ಕೂಡ ಹೊರಗೆ ಹೋದದ್ದಿಲ್ಲ. ಹಾಲಿನದು, ಸಕ್ಕರೆಯದು, ಸೀರೆಯಂಗಡಿಯದು, ಎಲ್ಲವನ್ನೂ ಮಾಲತಿ ತೊಳೆದು, ತಲೆಕೆಳಗಾಗಿ ತಂತಿಗೆ ಸಿಕ್ಕಿಸಿ ಒಣಗಿಸಿ, ಮಡಿಚಿ ಹಾಸಿಗೆಯ ಅಡಿಯಲ್ಲಿಡುವಳು. ಕವಿತೆಯನ್ನು ಅವಳು ಓದಿದವಳಲ್ಲ. ಪ್ರಕೃತಿಯ ಮೇಲಿನ ಪ್ರೀತಿ ಎಂದು ಯಾರಾದರೂ ಅಂದರೆ ಯಾವ ಪ್ರಕೃತಿ ಎಂದು ಕೇಳಿಯಾಳು.

ಪಂಪಿನ ಮನೆಯ ಹಿಂದೆ ಕಸದ ಚೀಲಗಳ ನಡುವೆ ವನಜಮ್ಮ ಕೂತಿದ್ದಳು. ಉದ್ಯಾನ ಗುಡಿಸುವವಳು, ಗುಡ್ಡದ ಕೆಳಗಿನವಳು, ಸಮಿತಿಯವರು ಬದಲಾದರೂ ತಾನು ಬದಲಾಗದೆ ಉಳಿದವಳು. ವಿದ್ಯಾರ್ಥಿಗಳು ತಂದು ಸುರಿದದ್ದನ್ನು ಅವಳು ಬೇರ್ಪಡಿಸುತ್ತಿದ್ದಳು, ಚೊಕ್ಕವಾಗಿರುವುದು ಹಗ್ಗಕ್ಕೆ, ಉಳಿದದ್ದು ಚೀಲಕ್ಕೆ. ಸುಬ್ಬರಾಯ ಎಡಗೈಯ ಹೊರೆಯನ್ನು ಇಳಿಸಿ, ಸುಮ್ಮನೆ ನೋಡುವವನಂತೆ ರಾಶಿಯ ಮೇಲೆ ಕಣ್ಣಾಡಿಸಿದ. ಅವಳು ಸೆರಗಿನ ತುದಿಯ ಗಂಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿದ ಒಂದು ಪೊಟ್ಟಣ ತೆಗೆದು ಅವನ ಮುಂದೆ ಹಿಡಿದಳು.

‘ನೀವು ಹುಡುಕೂದು ಇದನ್ನೇ ಅಲ್ವ ಮೇಷ್ಟ್ರೇ? ಆಗಿಂದ ನೋಡ್ತಾ ಇದ್ದೆ. ಎಲ್ಲರೂ ಕಸ ಹೆಕ್ತಾರೆ. ನೀವೊಬ್ರೇ ಹೆಕ್ಕಿದ್ದನ್ನ ಓದ್ತಾ ಇದ್ರಿ.’

ಅವನು ಕೈ ಚಾಚಿ ತೆಗೆದುಕೊಂಡ.

‘ವಾಯು ಅಂತ ಬರ್ದಿತ್ತು. ಕಾಲೇಜು ಮಕ್ಳ ಕೈಗೆ ಸಿಕ್ಕಿದ್ರೆ ನಗಾಡ್ತಾರೆ ಅಂತ ತೆಗ್ದಿಟ್ಟೆ. ಎಲ್ಲರಿಗೂ ಇರೂದೇ ಅದು, ಹೆಸರು ಬರ್ಕೊಂಡು ತಿರುಗೂದಿಲ್ಲ ಅಷ್ಟೇ.’

ಆಮೇಲೆ ಅವಳು ಬೈಯದೆ, ನಗದೆ, ತನ್ನದೇ ತಪ್ಪೊಂದನ್ನು ಹೇಳಿಕೊಳ್ಳುವ ದನಿಯಲ್ಲಿ ಬಾಳೆಯ ಸಂಗತಿ ಹೇಳಿದಳು. ನಲ್ಲಿಯ ನೀರು ವ್ಯರ್ಥ ಹೋಗುತ್ತದಲ್ಲ ಎಂದು ಎರಡು ವರ್ಷದ ಹಿಂದೆ ಒಂದು ಬಾಳೆಕಂದು ತಂದು ನೆಟ್ಟವಳು ಅವಳೇ. ಅಂದಿನಿಂದ ಇಡೀ ಗುಡ್ಡದ ಕಸದಲ್ಲಿ ಅರ್ಧ ಬೀಳುವುದು ಆ ಬುಡದಲ್ಲಿ. ಹೊರಗಿನಿಂದ ಬಂದವರು ಎಲ್ಲೆಂದರಲ್ಲಿ ಹಾಕುತ್ತಾರೆ. ಈ ಕಡೆಯವರು ಹಾಗಲ್ಲ, ಹುಡುಕಿಕೊಂಡು ಬಂದು ಅಲ್ಲಿಗೇ ಹಾಕುತ್ತಾರೆ. ಕೈ ನಿಲ್ಲುವುದಿಲ್ಲ. ಒಂದೊಂದು ಸಲ ಅವಳದೇ ಕೈ ನಿಲ್ಲುವುದಿಲ್ಲ. ಬಾಳೆಯನ್ನೇ ಕಡಿದುಬಿಡಿ ಎಂದು ಸಮಿತಿಯವರು ಹೇಳಿದ್ದಾರೆ, ನಾಳೆ ಕತ್ತಿ ತರಬೇಕು. ಒಂದು ಗಿಡ ಆಗಲೇ ಹೂವಿನ ಮೂತಿ ಬಿಟ್ಟಿದೆ. ಗೇಟಿನಲ್ಲಿರುವ ಪೆಂಗ್ವಿನ್ ಆಕಾರದ ಕಸದ ಡಬ್ಬಿಯನ್ನು ತಂದು ಬಾಳೆಯ ಬುಡದಲ್ಲಿಟ್ಟರೆ ಮುಗಿಯಿತು, ಎಸೆಯುವ ಕೈ ಎಸೆಯಲಿ, ಡಬ್ಬಿಗೆ ಬೀಳುತ್ತದೆ ಎಂದು ಅವಳು ಎರಡು ಸಲ ಹೇಳಿಯಾಗಿತ್ತು. ಡಬ್ಬಿ ಗೇಟಿನಲ್ಲೇ ಇದ್ದರೆ ಚಂದ ಎಂದರಂತೆ.

‘ನಾ ಹೇಳಿದ್ರೆ ಯಾರು ಕೇಳ್ತಾರೆ. ನೀವು ಮೈಕಲ್ಲಿ ಹೇಳಿದ್ರೆ ಕೇಳ್ತಾರೆ.’

ಪೊಟ್ಟಣ ಜೇಬಿಗೆ ಹೋದ ಮೇಲೆ ಬೆಳಕೇ ಬೇರೆಯಾಯಿತು. ಜನವರಿಯ ಬಿಸಿಲು, ಹಕ್ಕಿ, ನೇರಳೆಯ ಮರಗಳು, ಎಲ್ಲವೂ ಬೆಳಗಿನಿಂದ ಅಲ್ಲೇ ಇದ್ದುವೆಂಬುದು ಈಗ ಕಂಡಿತು. ಯಾರಿಗೂ ಗೊತ್ತಿಲ್ಲ, ಗೊತ್ತಿದ್ದವಳು ಗಂಟು ಕಟ್ಟಿಟ್ಟವಳು. ಉದ್ಘಾಟನೆಯ ಮಾತಿಗೆ ಮೊದಲ ವಾಕ್ಯ ತಾನಾಗಿ ಕೂಡಿಕೊಳ್ಳತೊಡಗಿತು. ಗೇಟಿನಲ್ಲಿ ಲೋಕೇಶ ಹಗ್ಗ ಕಟ್ಟುತ್ತಿದ್ದ. ಐವತ್ತರ ಹತ್ತಿರದ ಗಟ್ಟಿ ಆಳು, ಖಾಕಿ ಅಂಗಿ, ಅದೇ ಹಳೆಯ ಅರೆನಗು. ಒಂದು ತುದಿ ಹಿಡಿಯಿರಿ ಎಂದು ಕೊಟ್ಟ. ಇಬ್ಬರೂ ಹಗ್ಗದ ಎರಡು ಕಡೆ ನಿಂತರು. ಸುಬ್ಬರಾಯ ಈ ನೆಮ್ಮದಿಯಲ್ಲಿ ಒಂದಿಷ್ಟು ಉದಾರಿಯಾಗಬಹುದೆನಿಸಿ, ಅವತ್ತಿನ ಆ ಮಾಲೆಯ ವಿಷಯ, ಅದು ಸ್ವಲ್ಪ ಜಾಸ್ತಿಯೇ ಆಯಿತೇನೋ ಎಂದು, ಕಾಲದ ಮೇಲೂ ಇನ್‌ಸ್ಪೆಕ್ಟರ ಮೇಲೂ ಭಾರ ಹಾಕಿ, ಕ್ಷಮೆಯ ಆಸುಪಾಸಿನ ಒಂದು ಮಾತು ಆಡಿದ.

‘ಆ ಕಾಗದ ನಂದಲ್ಲ ಸರ್,’ ಎಂದ ಲೋಕೇಶ, ಗಂಟು ಬಿಗಿಯುತ್ತ. ‘ಯಾರದ್ದು ಅಂತ ಗೊತ್ತಿತ್ತು. ಹೇಳಿದ್ರೆ ಅವನಿಗೂ ಒಂದು ಮಾಲೆ ಆಗ್ತಿತ್ತು, ಬಾಳೆನಾರು ಸಾಕಾಗ್ತಿರ್ಲಿಲ್ಲ.’

ಹಗ್ಗ ಸುಬ್ಬರಾಯನ ಕೈಯಲ್ಲಿ ಸಡಿಲವಾಯಿತು. ಮತ್ತೆ ಅಂದಿನಿಂದ ಒಂದು ಚೂರೂ ಕೆಳಗೆ ಹಾಕಿಲ್ಲ ಎಂದು ಆ ಹುಡುಗಿ ಹೇಳಿದಳಲ್ಲ, ಅದು ನನ್ನ ಭಯಕ್ಕಾ ಎಂದು ಕೇಳಿದ; ಕೇಳುವಾಗ ಚೈತ್ರಳ ಹಾಳೆಯ ಮೊದಲನೆಯ ಕಾರಣ ತಾನೇ ಎಂಬಂತೆ ಕಂಡಿತು.

‘ಭಯ ಎಂತದು ಸರ್. ಅವತ್ತು ಬೆಲ್ ಹೊಡೆದ ಮೇಲೆ ಅದನ್ನ ತೆಗೆದು ಎಲ್ಲಿ ಹಾಕೂದು ಅಂತ ಗೊತ್ತಾಗ್ಲಿಲ್ಲ. ಎಸೆದ್ರೆ ಮತ್ತೆ ಕಸ ಅಂತ ಬೈತೀರಿ. ಹಾಗೇ ಹಾಕ್ಕೊಂಡು ಮನೆವರೆಗೂ ಹೋದೆ.’ ನಕ್ಕ. ‘ಮೂರು ಮೈಲಿ. ದಾರೀಲಿ ಸಿಕ್ಕಿದೋರೆಲ್ಲ ಎಂತಕ್ಕೆ ಪ್ರೈಜು ಬಂತು ಅಂತ ಕೇಳಿದ್ರು.’

ಹನ್ನೊಂದಕ್ಕೆ ನಲವತ್ತು ಮಂದಿ ಸೇರಿದ್ದರು. ಇಸ್ತ್ರಿ ಅಂಗಿಯವನೂ ಅವನ ಹೆಂಡತಿಯೂ ಮುಂದಿನ ಸಾಲಿನಲ್ಲಿ. ಸಮಿತಿಯವರು ಒಬ್ಬರು ಸ್ವಾಗತಿಸಿದರು, ಚೈತ್ರ ಪರಿಚಯಿಸಿದಳು. ಕಸದ ಮಾಲೆಯ ಕಥೆಯನ್ನೂ ಸೇರಿಸಿದಳು, ಚಪ್ಪಾಳೆ ಬಿತ್ತು. ಚಪ್ಪಾಳೆಯಲ್ಲಿ ಲೋಕೇಶನದೂ ಇತ್ತು. ಉದ್ಘಾಟನೆಗೆಂದು ಒಂದು ಹರಿವಾಣದಲ್ಲಿ ಚಿಪ್ಸಿನ ಕವರು ಬಂತು. ಅತಿಥಿಗಳ ಕೈ ಕೊಳೆಯಾಗಬಾರದೆಂದು ಅದನ್ನು ಸೋಪು ಹಾಕಿ ತೊಳೆದು ಒರಸಿದ್ದರು. ಪಕ್ಕದಲ್ಲಿ ಹೊಸ ನೀಲಿ ಕ್ಲಿಪ್ಪು. ಸುಬ್ಬರಾಯ ಕ್ಲಿಪ್ಪನ್ನು ತೆಗೆದುಕೊಂಡ. ಕವರನ್ನು ನೋಡಿದ. ಮೂರು ಮೈಲಿ ಎಂದರೆ ಹುಡುಗರ ಹೆಜ್ಜೆಗೆ ಒಂದು ಗಂಟೆ. ದೊಡ್ಡ ಉಂಡೆ ನಡುವಿಗೆ ಬರುವ ಹಾಗೆ ಪೋಣಿಸಿದ್ದರಿಂದ ಅದು ನಡೆಯುವಾಗ ಎದೆಗೆ ಬಡಿಯುತ್ತಿದ್ದಿರಬೇಕು. ಬಲಗೈ ಜೇಬಿಗೆ ಹೋಯಿತು. ಈ ಸಲ ಅದನ್ನು ಕಳಿಸಿದವನು ಅವನೇ.

ನಾಲ್ಕು ಮಡಿಕೆಯನ್ನು ಬಿಡಿಸಿ ಪೊಟ್ಟಣವನ್ನು ಹಗ್ಗಕ್ಕೆ ಸಿಕ್ಕಿಸಿದ. ಸತ್ಯವನ್ನು ಹೇಳಬೇಕೆಂದರೆ, ಚೀಟಿಯ ಮೈ ಹಲಸಿನ ಮರದ ಕಡೆಗೂ ಖಾಲಿ ಮೈ ಜನರ ಕಡೆಗೂ ಬರುವಂತೆ ಸಿಕ್ಕಿಸಿದ. ಅಷ್ಟು ಧೈರ್ಯಕ್ಕೆ ಅಷ್ಟು ಸೌಲಭ್ಯವಾದರೂ ಬೇಡವೆ. ಮೈಕಿನ ಮುಂದೆ ನಿಂತಾಗ ಬೆಳಗಿನಿಂದ ಕೂಡಿಟ್ಟ ವಾಕ್ಯಗಳು ಒಂದೂ ಹತ್ತಿರ ಬರಲಿಲ್ಲ. ಇದು ಯಾರದೋ ಅಲ್ಲ, ನನ್ನದು, ಇವತ್ತು ಬೆಳಿಗ್ಗೆ ಬಾಳೆಯ ಬುಡಕ್ಕೆ ಎಸೆದದ್ದು ಎಂದ. ಆ ಪೆಂಗ್ವಿನ್ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಆ ಬುಡದಲ್ಲಿ ಇಡಬೇಕು, ಬಾಳೆಯನ್ನು ಕಡಿಯಬಾರದು, ಇದು ವನಜಮ್ಮನ ಸಲಹೆ ಎಂದ. ಮೂರನೆಯದಾಗಿ ಲೋಕೇಶನ ಕಾಗದದ ವಿಷಯ ಹೇಳಹೊರಟು, ಅವನ ಮುಖ ನೋಡಿ, ಅದು ಅವತ್ತು ಅವನದಾಗಿರಲಿಲ್ಲ ಎಂದಷ್ಟೇ ಹೇಳಿದ. ಯಾರಿಗೂ ಪೂರ್ತಿ ಅರ್ಥವಾಗಲಿಲ್ಲ. ಲೋಕೇಶ ಮಾತ್ರ ಅರೆನಗುವನ್ನು ನಿಲ್ಲಿಸಿ ನೆಲ ನೋಡಿದ. ಇದೂ ಒಂದು ಬಗೆಯ ಕವಿತೆಯೆಂದು ತಿಳಿದು ಜನ ಚಪ್ಪಾಳೆ ತಟ್ಟಲು ಅನುವಾಗುತ್ತಿದ್ದಂತೆ ಗುಡ್ಡದ ಕೆಳಗಿನಿಂದ ಸಣ್ಣದೊಂದು ಗಾಳಿ ಎದ್ದು ಬಂತು. ಪೊಟ್ಟಣ ಒಮ್ಮೆ ನಡುಗಿತು, ಅನುಮಾನಿಸಿತು, ತಿರುಗಿ ನಿಂತಿತು. ಮುಂದಿನ ಸಾಲಿನ ಹೆಂಗಸು ಕಣ್ಣು ಕಿರಿದು ಮಾಡಿಕೊಂಡು ದೊಡ್ಡ ಅಕ್ಷರವನ್ನೇ ಮೊದಲು ಓದಿದಳು. ನಗೆ ಅವಳಿಂದ ಅವಳ ಗಂಡನಿಗೆ, ಅಲ್ಲಿಂದ ಹಿಂದಿನವರಿಗೆ, ಬಸ್ಸಿನಲ್ಲಿ ಟಿಕೇಟು ದಾಟಿಸಿದ ಹಾಗೆ ದಾಟಿತು.

ಲೋಕೇಶ ಮೂರು ಹೆಜ್ಜೆಯಲ್ಲಿ ಹಗ್ಗದ ಬಳಿ ಬಂದು, ಗಾಳಿಯನ್ನು ಬೈಯುತ್ತ, ಪೊಟ್ಟಣವನ್ನು ಹಿಂದಕ್ಕೆ ತಿರುಗಿಸಲು ಕೈ ಎತ್ತಿದ. ಸುಬ್ಬರಾಯ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದುಕೊಂಡ.

‘ಇರ್ಲಿ ಬಿಡು ಮಾರಾಯ.’

ನಾಲ್ಕು ಜನ ಸೇರಿ ಪೆಂಗ್ವಿನ್ನನ್ನು ಹೊತ್ತುಕೊಂಡು ನಲ್ಲಿಯ ಕಡೆಗೆ ಹೊರಟರು. ಎಲ್ಲಿ ಇಡಬೇಕೆಂದು ವನಜಮ್ಮ ಮುಂದೆ ನಡೆದು ತೋರಿಸುತ್ತಿದ್ದಳು. ಹಗ್ಗ ನಿಧಾನವಾಗಿ ತುಂಬಿಕೊಂಡಿತು. ಚೈತ್ರ ಬಂದು, ಸ್ವಲ್ಪ ಅಳುಕಿನಿಂದಲೇ, ಹಾಳೆ ಕೇಳಿದಳು. ಐದನೆಯ ಪ್ರಶ್ನೆಗೆ ‘ಇಲ್ಲ’ ಎಂದದ್ದನ್ನು ಹೊಡೆದುಹಾಕಿ ‘ಹೌದು’ ಎಂದು ತಿದ್ದಿಕೊ ಎಂದ. ಇನ್ನೊಂದು ಕೆಲಸವಿದೆ, ಸಂಜೆ ಹಗ್ಗ ಬಿಚ್ಚುವಾಗ ಎಲ್ಲವನ್ನೂ ಚೀಲಕ್ಕೆ ಹಾಕು, ಆ ಪೊಟ್ಟಣವನ್ನು ಮಾತ್ರ ಲೋಕೇಶನ ಕೈಗೆ ಕೊಡು, ಕೊನೆಯ ಬಸ್ಸಿಗೆ ಕೊಪ್ಪಕ್ಕೆ ಕಳಿಸಲಿ ಎಂದ. ಕಸವನ್ನು ಕಳಿಸಬೇಕೇ ಎಂದು ಅವಳು ಕಣ್ಣರಳಿಸಿದಳು. ಅವನು ಬೆಂಚಿಗೆ ಹೋಗಿ ಕೂತು, ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು ಮತ್ತೊಮ್ಮೆ ಓದಿದ. ಭಯ, ಸಂಕೋಚ, ಪ್ರೀತಿ, ಅಭ್ಯಾಸ. ನಾಲ್ಕೂ ಒಳ್ಳೆಯ ಪದಗಳು, ನಾಲ್ಕರಿಂದಲೂ ಕವಿತೆ ಬರೆಯಬಹುದು. ಅವನ್ನೆಲ್ಲ ಬಿಟ್ಟು, ‘ಇತರೆ’ ಎಂಬುದರ ಮುಂದಿನ ಗೆರೆಯ ಮೇಲೆ, ಯಾರು ಬರೆದದ್ದೆಂದು ಹೇಳಲು ಹೆಸರೇ ಬೇಕಿಲ್ಲದ ತನ್ನ ಫಲಕದ ದುಂಡಕ್ಷರದಲ್ಲಿ ಬರೆದ:

ಮನೆಯಲ್ಲಿ ಕೇಳುತ್ತಾರೆ.